ಒಂಬತ್ತನೆಯ ಪ್ರಶ್ನೆ

ಐದನೇ ಕ್ಲಾಸಿನಲ್ಲಿ ಅಂಟಿದ ಹೆಸರು ನಲವತ್ತು ದಾಟಿದರೂ ಬಿಟ್ಟು ಹೋಗಲಿಲ್ಲ. ತೋಳು ದಪ್ಪವಾಯಿತು, ಬೆನ್ನು ಬಾಗಿಲಿನಗಲವಾಯಿತು, ಇದ್ದಬದ್ದ ಅಂಗಿಗಳೆಲ್ಲ ಕಂಕುಳಲ್ಲಿ ಹರಿದುಹೋದವು. ಆದರೂ ಲಿಫ್ಟ್ ರಿಪೇರಿ ಕಂಪನಿಯಲ್ಲಿ, ಜಿಮ್ಮಿನಲ್ಲಿ, ಮನೆಯಲ್ಲಿ ಅವನು ಕಡ್ಡಿಯೇ. ಆ ಹೆಸರಿಟ್ಟವನು ಅವನ ಅಣ್ಣ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು.

"ತಿನ್ನು ಕಡ್ಡಿ, ಆರಿದ್ರೆ ರಬ್ಬರ್ ಆಗುತ್ತೆ," ಎಂದು ಅತ್ತಿಗೆ ತಟ್ಟೆಯನ್ನು ಮುಂದಿಟ್ಟಳು.

ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಎದೆ, ಒಂದು ಹಿಡಿ ಬೀನ್ಸ್, ಮೊಟ್ಟೆಯ ಬಿಳಿ. ಎಲ್ಲವೂ ತೂಗಿ ಬಂದದ್ದು. ಹದಿನಾರು ವಾರಗಳಿಂದ ಅಡುಗೆಮನೆಯ ಕಟ್ಟೆಯ ಮೇಲೆ ಅಂಗೈಯಗಲದ ತಕ್ಕಡಿಯೊಂದು ಠಿಕಾಣಿ ಹೂಡಿತ್ತು. ಒಂದು ಚೂರು ಹೆಚ್ಚಾದರೂ ಅತ್ತಿಗೆ ಚಾಕುವಿನಿಂದ ಕತ್ತರಿಸಿ ತನ್ನ ಬಾಯಿಗೆ ಹಾಕಿಕೊಳ್ಳುವಳು.

"ನಿನ್ನ ಸ್ಪರ್ಧೆ ಮುಗಿಯೋಷ್ಟರಲ್ಲಿ ನಾನೇ ಪೈಲ್ವಾನ್ ಆಗ್ತೀನಿ ನೋಡು."

"ನೀವು ವೇದಿಕೆ ಹತ್ತಿದ್ರೆ ಮಿಕ್ಕವರೆಲ್ಲ ಇಳಿದು ಓಡ್ತಾರೆ ಅತ್ತಿಗೆ."

"ಓಡ್ಲಿ. ಬಹುಮಾನ ಮನೆಗೆ ಬರುತ್ತಲ್ಲ."

ಅವಳು ಈ ಮನೆಗೆ ಮದುವೆಯಾಗಿ ಬಂದಾಗ ಕಡ್ಡಿಗೆ ಒಂಬತ್ತು ವರ್ಷ. ತಾಯಿಯಿಲ್ಲದ ಹುಡುಗನಿಗೆ ಅಂದು ತುತ್ತು ಇಟ್ಟ ಕೈ, ಲಾಂಡ್ರಿ ಅಂಗಡಿಯಲ್ಲಿ ಇಡೀ ದಿನ ಇಸ್ತ್ರಿ ಉಜ್ಜಿ ಬಂದ ಕೈ, ಇಂದಿಗೂ ಅವನ ತಟ್ಟೆಯನ್ನು ತೂಗುತ್ತಿತ್ತು. ಸ್ವಂತ ಮಕ್ಕಳಾಗಲಿಲ್ಲ. ಗಂಡ ಹೋದಮೇಲೆ ಅವಳಿಗೆ ಉಳಿದವನು ಇವನೊಬ್ಬ.

ಎದುರು ಕೂತು ಅವನ ಕೆನ್ನೆಯ ಗುಳಿಗಳನ್ನು ನೋಡುತ್ತ ಅವಳೆಂದಳು: "ನಿಮ್ಮಣ್ಣನಿಗೆ ಒಂದು ಚಮಚ ನೀರಿಳಿಸೋಕೆ ನಾವಿಬ್ಬರೂ ಎಷ್ಟು ಒದ್ದಾಡಿದ್ವಿ. ನೀನು ನೋಡಿದ್ರೆ ಚೆನ್ನಾಗಿರೋ ಮೈನ ಬೇಕೂಂತ ಒಣಗಿಸ್ತಿದ್ದೀಯ." ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. "ಹೋಗ್ಲಿ ಬಿಡು. ಅವರನ್ನ ದೇವರು ಜಾಸ್ತಿ ಕಾಯಿಸಲಿಲ್ಲ. ನಾನು ಕೇಳಿದೆ, ಅವನು ಕೊಟ್ಟ."

ಈ ಮಾತನ್ನು ಅವಳು ದಿನ ಬಿಟ್ಟು ದಿನ ಹೇಳುತ್ತಿದ್ದಳು. ಎದುರುಮನೆಯಾಕೆಗೆ ಹೇಳಿದ್ದಳು, ಅಂಗಡಿಯಲ್ಲಿ ಬಟ್ಟೆ ಕೊಡಲು ಬಂದವರಿಗೆ ಹೇಳಿದ್ದಳು, ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ಯಾರಾದರೂ ಕಣ್ಣೀರಿಟ್ಟರೆ ಅವರ ಕೈ ಹಿಡಿದು ಹೇಳುತ್ತಿದ್ದಳು. ಆ ದಿನ ಬೆಳಿಗ್ಗೆ ಇದೇ ಒಲೆಯ ಮುಂದೆ ನಿಂತು, ಕಣ್ಣು ಮುಚ್ಚಿ, "ಇನ್ನು ಸಾಕು, ಕರ್ಕೊಂಡುಬಿಡು" ಎಂದು ಬೇಡಿಕೊಂಡಿದ್ದಳಂತೆ. ಒಲೆಯ ಮೇಲಿನ ನೀರು ಕಾಯುವಷ್ಟರಲ್ಲಿ ಗಂಡನ ಉಸಿರು ನಿಂತಿತ್ತು. ಇಷ್ಟು ವರ್ಷ ಕೈಮುಗಿದಿದ್ದರಲ್ಲಿ ಒಂದು ಸಲ ಮೇಲಿನವನು ತನ್ನ ಮಾತಿಗೆ ಕಿವಿಗೊಟ್ಟ ಎಂಬುದೇ ಅವಳ ಊರುಗೋಲು. ಅದನ್ನು ಹಿಡಿದೇ ಅವಳು ಬೆಳಿಗ್ಗೆ ಏಳುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು.

ಕಡ್ಡಿ ತಲೆಯೆತ್ತದೆ ಅಗಿಯುತ್ತಿದ್ದ.

ಆ ಬೆಳಗಿನ ಸಂಗತಿ ಅವನಿಗೆ ಬೇರೆಯಾಗಿ ಗೊತ್ತಿತ್ತು. ಕ್ಯಾನ್ಸರು ಅಣ್ಣನ ಬೆನ್ನುಮೂಳೆಗೆ ಇಳಿದಿತ್ತು. ವಾರಕ್ಕೆರಡು ಸಲ ಬರುತ್ತಿದ್ದ ನರ್ಸಮ್ಮ ಮಾರ್ಫಿನ್ನಿನ ಗಾಜಿನ ಕುಪ್ಪಿಗಳನ್ನು ಎಣಿಸಿಟ್ಟು, ಚರ್ಮದಡಿ ಚುಚ್ಚುವುದನ್ನು ಅವನಿಗೆ ಕಲಿಸಿದ್ದಳು. ಅತ್ತಿಗೆಗೆ ಸೂಜಿ ಕಂಡರೆ ಕೈನಡುಕ. ಅಂದು ಕಿಟಕಿಯಲ್ಲಿ ಬೆಳಕು ಬಿದ್ದಿತ್ತು. ಅಣ್ಣ ತಮ್ಮನ ಮಣಿಕಟ್ಟು ಹಿಡಿದು, "ಇರೋದನ್ನೆಲ್ಲ ಒಟ್ಟಿಗೆ ಕೊಡೋ. ಅವಳಿಗೆ ಹೇಳ್ಬೇಡ," ಎಂದ. ಅಷ್ಟು ಹೇಳುವುದಕ್ಕೇ ಅವನಿಗೆ ಮೂರು ಉಸಿರು ಬೇಕಾಯಿತು. ಕಡ್ಡಿ ಕೊಟ್ಟ. ಗೋಡೆಯಾಚೆ ಅತ್ತಿಗೆಯ ಪ್ರಾರ್ಥನೆಯ ಗುನುಗು ಕೇಳುತ್ತಿತ್ತು. ಮರುದಿನ ನರ್ಸಮ್ಮ ಕುಪ್ಪಿಗಳನ್ನು ಎಣಿಸಿ, "ಮಿಕ್ಕಿದ್ದು ಎಲ್ಲಿ?" ಎಂದಾಗ, "ಕೈಜಾರಿ ಒಡೆದುಹೋಯ್ತು," ಎಂದ. ಅವಳು ಅವನ ಮುಖವನ್ನೊಮ್ಮೆ ನೋಡಿ, ಹಾಗೆಂದೇ ಬರೆದುಕೊಂಡಳು.

ಆಮೇಲಿನ ತಿಂಗಳೇ ಅವನು ಜಿಮ್ಮಿಗೆ ಸೇರಿದ್ದು. ಮೈ ದಣಿದರೆ ಮನಸ್ಸು ತೆಪ್ಪಗಿರುತ್ತದೆ ಎಂದುಕೊಂಡಿದ್ದ. ಮೈ ದಣಿಯಿತು, ದಣಿದು ದಣಿದು ಬೆಳೆಯಿತು. ಮನಸ್ಸು ಎಲ್ಲಿತ್ತೋ ಅಲ್ಲೇ ಇತ್ತು.

ಜಿಮ್ಮು ನಡೆಸುತ್ತಿದ್ದವರು ಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಬಾಗಿಲ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ ಅವರ ಕೈಬರಹದ ಬೋರ್ಡಿತ್ತು: 'ಸೂಜಿ ಹಿಡಿದವರು ಚಪ್ಪಲಿ ಹಾಕಿಕೊಳ್ಳಬಹುದು.' ಮೈ ಉಬ್ಬಿಸುವ ಔಷಧಿ ಮುಟ್ಟದೆ ಬೆಳೆಸಿದ ಮೈಗಳದ್ದೇ ಒಂದು ದೇಹದಾರ್ಢ್ಯ ಸ್ಪರ್ಧೆ ಇದೆ, ಅದಕ್ಕೆ ನೀನು ಹೋಗಬೇಕು ಎಂದು ಕಡ್ಡಿಯ ಬೆನ್ನು ಬಿದ್ದವರೂ ಅವರೇ. ಅವನ ಜೊತೆ ಶಾಲಾ ಬಸ್ಸಿನ ಡ್ರೈವರಮ್ಮನೂ ಹೆಸರು ಕೊಟ್ಟಿದ್ದಳು. ಐವತ್ತೆರಡು ವರ್ಷ, ಇಬ್ಬರು ಮೊಮ್ಮಕ್ಕಳು.

ಅರ್ಜಿಗೆ ಸಹಿ ಹಾಕುವ ದಿನ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಸ್ಪರ್ಧೆಯ ಹಿಂದಿನ ದಿನ ಪ್ರತಿಯೊಬ್ಬರನ್ನೂ ಸುಳ್ಳು ಹಿಡಿಯುವ ಯಂತ್ರಕ್ಕೆ ಕೂರಿಸುತ್ತಾರೆ. ಸಿಕ್ಕಿಬಿದ್ದವನು ತಪ್ಪೊಪ್ಪಿಕೊಂಡರೆ ಶಿಕ್ಷೆ ಅವನೊಬ್ಬನಿಗೆ. ಒಪ್ಪದಿದ್ದರೆ ಅವನ ಜಿಮ್ಮಿನ ಎಲ್ಲರ ಮೇಲೂ ತನಿಖೆ; ಅದು ಮುಗಿಯುವವರೆಗೆ ಅಲ್ಲಿಂದ ಯಾರೂ ವೇದಿಕೆ ಹತ್ತುವಂತಿಲ್ಲ.

"ನನಗ್ಯಾಕೆ ಓದಿ ಹೇಳ್ತೀರಿ ಮೇಷ್ಟ್ರೇ," ಎಂದಳು ಡ್ರೈವರಮ್ಮ. "ನಾನು ತಲೆನೋವಿಗೂ ಮಾತ್ರೆ ನುಂಗಲ್ಲ."

"ನಿನಗಲ್ಲಮ್ಮ, ನನ್ನ ಸಮಾಧಾನಕ್ಕೆ. ಕಡ್ಡಿ, ನಿನ್ನ ಬಗ್ಗೆ ನನಗೆ ಯೋಚನೇನೇ ಇಲ್ಲ. ನಿನ್ನಂಥವನನ್ನ ಕೂರಿಸಿದ್ರೆ ಆ ಯಂತ್ರ ನಿದ್ದೆ ಹೋಗುತ್ತೆ."

ಕೊನೆಯ ಎರಡು ವಾರ ಹಸಿವು ಅವನ ಜೊತೆ ಬಾಡಿಗೆ ಕೊಡದ ನೆಂಟನಂತೆ ವಾಸವಾಯಿತು. ಒಂದು ದಿನ ಹನ್ನೆರಡು ಮಹಡಿಯ ಕಟ್ಟಡದಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದಾಗ ಲಿಫ್ಟು ತಾನಾಗಿ ಒಂದು ಮಹಡಿ ಮೇಲಕ್ಕೆ ಹೋಯಿತು. ಸ್ವಿಚ್ ಆರಿಸುವುದನ್ನು ಅವನೇ ಮರೆತಿದ್ದ. ಕಬ್ಬಿಣದ ತೊಲೆ ಅವನ ನೆತ್ತಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಜೊತೆಗಾರ ಮೇಲಿನಿಂದ ಬಗ್ಗಿ ನೋಡಿ, ಮುಖ ಬೆಳ್ಳಗೆ ಮಾಡಿಕೊಂಡು, "ಸಾಯೋಕೆ ಆಸೆ ಇದ್ರೆ ನನ್ನ ಶಿಫ್ಟಲ್ಲಿ ಬೇಡ ಮಾರಾಯ. ನನಗೆ ಮನೆಗೆ ಹೋಗೋದಿದೆ," ಎಂದ.

ಕಡ್ಡಿಗೆ ಹೆದರಿಕೆಯಾಗಲಿಲ್ಲ. ಹೆದರಿಕೆಯಾಗಲಿಲ್ಲವಲ್ಲ ಎಂಬುದು ಮಾತ್ರ ಸಂಜೆಯವರೆಗೂ ಅವನನ್ನು ಕೊರೆಯಿತು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಕಡ್ಡಿ, ಅತ್ತಿಗೆ, ಮೇಷ್ಟ್ರು ಮೂವರೂ ಸಭಾಂಗಣಕ್ಕೆ ಹೋದರು. ಅತ್ತಿಗೆ ಲಾಂಡ್ರಿಗೆ ರಜೆ ಹಾಕಿದ್ದಳು. ಚೀಲದಲ್ಲಿ ಮೈಗೆ ಬಳಿಯುವ ಬಣ್ಣದ ಬಾಟಲಿ, ತಾನೇ ಹೊಲಿದ ಚಡ್ಡಿ. ಅವಳನ್ನೂ ಮೇಷ್ಟ್ರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ಕಡ್ಡಿಯನ್ನು ಮಾತ್ರ ಒಳಗೆ ಕರೆದರು.

ವೇದಿಕೆಯ ಹಿಂದಿನ ಸಣ್ಣ ಕೋಣೆ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ಯಂತ್ರದವರು ಸ್ವೆಟರು ತೊಟ್ಟ, ಮೆಲುದನಿಯ ಮನುಷ್ಯ. ಕಡ್ಡಿಯ ಎದೆಗೆ ಪಟ್ಟಿ ಕಟ್ಟಿದರು, ಬೆರಳಿಗೆ ಕ್ಲಿಪ್ಪು ಹಾಕಿದರು. ರಕ್ತದೊತ್ತಡದ ಪಟ್ಟಿ ತೋಳಿಗೆ ಸಾಲದೆ ದೊಡ್ಡದೊಂದನ್ನು ಹುಡುಕಿ ತಂದರು.

"ಹದಿಮೂರು ಪ್ರಶ್ನೆ. ಮೊದಲೇ ಓದಿ ಹೇಳ್ತೀನಿ. ಹೇಳೋದೇನಾದ್ರೂ ಇದ್ರೆ ಯಂತ್ರ ಶುರುಮಾಡೋಕೆ ಮುಂಚೆನೇ ಹೇಳಿಬಿಡಿ."

ಎರಡನೆಯದು: ನಿಷಿದ್ಧ ಔಷಧಿ ಯಾವುದನ್ನಾದರೂ ತೆಗೆದುಕೊಂಡಿದ್ದೀರಾ. ಅದಕ್ಕೆ ಅವನು ತಯಾರಾಗಿಯೇ ಬಂದಿದ್ದ. ಒಂಬತ್ತನೆಯದಕ್ಕೆ ತಯಾರಾಗಿರಲಿಲ್ಲ. ಚುಚ್ಚುಮದ್ದಿನ ವಿಷಯದಲ್ಲಿ ಯಾರಿಂದಲಾದರೂ ಏನನ್ನಾದರೂ ಮುಚ್ಚಿಟ್ಟಿದ್ದೀರಾ?

"ಶುರುಮಾಡಿ ಸರ್," ಎಂದ ಕಡ್ಡಿ.

ಪ್ರಶ್ನೆಗಳನ್ನು ಮೂರು ಸುತ್ತು ಕೇಳಿದರು. ಮೂರು ಸುತ್ತಿಗೂ "ಇಲ್ಲ" ಎಂದ. ದನಿ ನಡುಗಲಿಲ್ಲ, ಕಣ್ಣು ಕದಲಲಿಲ್ಲ. ವೇದಿಕೆಯ ಮೇಲೆ ಮಾಂಸಖಂಡ ಎದ್ದು ಕಾಣಲೆಂದು ಎರಡು ದಿನ ನೀರು ಬಿಟ್ಟ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮುಗಿದಮೇಲೆ ಯಂತ್ರದವರು ಪಟ್ಟಿ, ಕ್ಲಿಪ್ಪುಗಳನ್ನೆಲ್ಲ ಬಿಚ್ಚಿ, ಪರದೆಯನ್ನು ಅವನ ಕಡೆ ತಿರುಗಿಸಿದರು.

"ಎಲ್ಲಾ ಕಡೆ ನಿಂತ ನೀರಿದ್ದ ಹಾಗಿದೆ. ಒಂಬತ್ತರಲ್ಲಿ ನೋಡಿ. ಮೂರು ಸಲವೂ ಅಲ್ಲೇ ಜಿಗಿದಿದೆ."

"ನೀರು ಕುಡಿದಿಲ್ಲ ಸರ್, ಎರಡು ದಿನದಿಂದ."

"ನೀರು ಕುಡಿಯದೆ ಇರೋದು ಹದಿಮೂರು ಪ್ರಶ್ನೆಗೂ ಒಂದೇ ಅಲ್ವಾ." ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಆ ಪ್ರಶ್ನೆ ಕೇಳಿದಾಗ ನಿಮ್ಮ ಮನಸ್ಸಿಗೆ ಬಂದಿದ್ದೇನು? ಸ್ಪರ್ಧೆಗೆ ಸಂಬಂಧಪಡದ್ದೂ ಇರಬಹುದು. ಇದ್ದರೆ ಹೇಳಿ, ಬರ್ಕೊಂಡು ಇನ್ನೊಂದು ಸಲ ಕೂರಿಸ್ತೀನಿ. ಎಷ್ಟೋ ಜನ ಹಾಗೆ ಪಾರಾಗಿದ್ದಾರೆ."

"ಬರ್ಕೊಂಡಿದ್ದನ್ನ ಯಾರು ಓದ್ತಾರೆ?"

"ಸಮಿತಿಯವರು. ಮತ್ತೆ ನಿಮ್ಮ ಮೇಷ್ಟ್ರು, ಅವರ ಸಹಿ ಬೇಕು."

ಮೇಷ್ಟ್ರು ಒಳ್ಳೆಯವರು, ಆದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕಾಗದ ಓದಿದ ಮರುಗಳಿಗೆಯೇ ಬೆಂಚಿನ ಕಡೆ ಓಡಿಹೋಗಿ, 'ಅಮ್ಮಾ, ನಿನ್ನ ಮೈದುನ ಅಪ್ಪಟ ಚಿನ್ನ, ಸೂಜಿ ತಗೊಂಡಿದ್ದು ತನಗಲ್ಲ, ನಿನ್ನ ಗಂಡನ ನರಳಾಟ ನೋಡಲಾರದೆ' ಎಂದು ಹೇಳಿಬಿಡುವರು. ಅದೂ ಕಣ್ಣಲ್ಲಿ ನೀರು ತುಂಬಿಕೊಂಡು. ಆಮೇಲೆ ಅತ್ತಿಗೆ ಒಲೆಯ ಮುಂದೆ ನಿಂತಾಗ ಅವಳ ಕೈಗೆ ಏನು ಸಿಗುತ್ತದೆ? ಅವಳು ಬೇಡಿದ್ದನ್ನು ಕೊಟ್ಟವನು ಮೇಲಿನವನಲ್ಲ, ಗೋಡೆಯಾಚೆ ಸೂಜಿ ಹಿಡಿದು ಕೂತಿದ್ದ ಕಡ್ಡಿ. ಅವಳ ಮಾತು ಆವತ್ತೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಏನೂ ಇಲ್ಲ ಎಂದು ಸಾಧಿಸಿದರೆ ಡ್ರೈವರಮ್ಮ ನಾಳೆ ವೇದಿಕೆಯ ಕೆಳಗೇ ನಿಲ್ಲಬೇಕು, ಮೇಷ್ಟ್ರ ಬೋರ್ಡಿಗೆ ಮಸಿ.

ಬಾಗಿಲಾಚೆ ಅತ್ತಿಗೆ ಏನಕ್ಕೋ ನಕ್ಕದ್ದು ಕೇಳಿಸಿತು.

"ತಗೊಂಡಿದ್ದೀನಿ ಅಂತ ಬರ್ಕೊಳ್ಳಿ," ಎಂದ ಕಡ್ಡಿ.

"ಏನು ತಗೊಂಡ್ರಿ?"

ಅವನಿಗೆ ಒಂದು ಔಷಧಿಯ ಹೆಸರೂ ಬರುತ್ತಿರಲಿಲ್ಲ. "ಹೆಸರು ಗೊತ್ತಿಲ್ಲ. ಮೈ ಬೆಳೆಯೋಕೆ ಕೊಡ್ತಾರಲ್ಲ, ಅದು."

ಯಂತ್ರದವರು ಪರದೆಯ ಮೇಲೆ ಬೆರಳಿಟ್ಟರು. "ಎರಡನೇ ಪ್ರಶ್ನೆಗೆ, ತಗೊಂಡಿಲ್ಲ ಅಂದ್ರಿ. ಅಲ್ಲಿ ಗೆರೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಈಗ ನೀವು ಸುಳ್ಳು ಹೇಳ್ತಿದ್ದೀರಿ ಅನ್ಸುತ್ತೆ ನನಗೆ."

"ವೈರ್ ಬಿಚ್ಚಿದ್ದೀರಲ್ಲ ಸರ್," ಎಂದ ಕಡ್ಡಿ.

ಅವರು ಕಾಗದವನ್ನು ಮುಂದೆ ಸರಿಸಿದರು. ಅವನು ಸಹಿ ಹಾಕಿದ.

ಮೇಷ್ಟ್ರು ಕೂಗಾಡಲಿಲ್ಲ. ಕಾಗದವನ್ನು ಒಮ್ಮೆ ತಮ್ಮಷ್ಟಕ್ಕೆ, ಇನ್ನೊಮ್ಮೆ ಪಕ್ಕದಲ್ಲಿದ್ದ ಅತ್ತಿಗೆಗೆ ಕೇಳಿಸುವಂತೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, "ಜಿಮ್ಮಿನ ಕೀಲಿ ನಿನ್ನ ಹತ್ರ ಒಂದಿತ್ತಲ್ಲ," ಎಂದರು. ಕೊಟ್ಟ. ಅದನ್ನು ಜೇಬಿಗಿಳಿಸಿ ಡ್ರೈವರಮ್ಮ ಬರುವಳೋ ಎಂದು ನೋಡಲು ಗೇಟಿನ ಕಡೆ ನಡೆದರು. ಎರಡು ವರ್ಷ ಅವನ ಒಂದೊಂದು ಮಾಂಸಖಂಡವನ್ನೂ ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದವರು ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅತ್ತಿಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕ ಕೂತಳು. ಐದನೆಯ ಸ್ಟಾಪಿಗೆ ಬಾಯಿಬಿಟ್ಟಳು.

"ನಾನು ತೂಗಿ ತೂಗಿ ಇಟ್ಟಿದ್ದೆಲ್ಲ ನಾಟಕಕ್ಕಾ?"

ಅವನು ಕಿಟಕಿಯ ಕಡೆ ತಿರುಗಿದ.

"ಯಾರು ಕೊಟ್ರು ಅದನ್ನ? ಹೆಸರು ಹೇಳು. ಅವನ ಮನೆ ಬಾಗಿಲಲ್ಲಿ ನಿಂತು ಮಾನ ತೆಗೀತೀನಿ."

"ಯಾರೂ ಕೊಟ್ಟಿಲ್ಲ. ನಾನೇ ತಂದೆ."

"ಚುಚ್ಚಿದ್ದು?"

"ನಾನೇ."

"ನಿನಗೆ ನೀನೇ ಚುಚ್ಕೊಳ್ಳೋದು ಎಲ್ಲಿ ಕಲ್ತೆ?"

"ಅಣ್ಣನಿಗೆ ಕೊಡ್ತಿದ್ದೆನಲ್ಲ ಅತ್ತಿಗೆ. ಅಲ್ಲೇ ಕಲ್ತಿದ್ದು."

ಆ ದಿನ ಸಹಿ ಹಾಕಿದ ಮೇಲೆ ಅವನು ಆಡಿದ ನಿಜ ಅದೊಂದೇ. ಅವಳು ಅವನ ಕೈಯನ್ನು ನೋಡಿದಳು. ಊದಿಕೊಂಡ ನರಗಳ ಆ ಕೈ ಅವನ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಇನ್ನೊಂದು ಪ್ರಶ್ನೆ ಅವಳು ಕೇಳಿದ್ದರೆ ಏನಾಗುತ್ತಿತ್ತೋ.

"ಅವರ ನೋವು ಇಳಿಸಿದ ಕೈ ಅದು," ಎಂದಳು ಅತ್ತಿಗೆ. "ಆ ಕೈಯಲ್ಲೇ ಇಂಥ ಕೆಲಸ ಮಾಡಿದ್ಯಲ್ಲೋ."

ಎದ್ದುಹೋಗಿ ಮುಂದಿನ ಸೀಟಿನಲ್ಲಿ, ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಕೂತಳು.

ತಮ್ಮ ಬೀದಿಯಲ್ಲಿ ಅವಳು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ಎದುರುಮನೆಯಾಕೆ ಬಾಗಿಲ ಮೆಟ್ಟಿಲಿಗೆ ನೀರು ಹಾಕಿ ತೊಳೆಯುತ್ತಿದ್ದಳು. ಅದನ್ನು ಕಂಡು ಅತ್ತಿಗೆ ನಿಂತಳು. ಅವನು ಹತ್ತಿರ ಬರುವವರೆಗೂ ಕಾದು, ಮುಖ ನೋಡದೆ ಕೇಳಿದಳು:

"ಕೇಳಿದವರಿಗೆ ಏನು ಹೇಳ್ಲಿ? ನನಗೆ ಸುಳ್ಳು ಹೇಳೋಕೆ ಬರಲ್ಲ."

"ಬೇಡ ಅತ್ತಿಗೆ. ಕಾಗದದಲ್ಲಿ ಇದ್ದಿದ್ದನ್ನೇ ಹೇಳಿ."

ಎದುರುಮನೆಯಾಕೆ ಪೊರಕೆ ಒರಗಿಸಿಟ್ಟು, "ಏನಮ್ಮಾ, ನಾಳೆ ನಮ್ಮನ್ನೆಲ್ಲ ಕರ್ಕೊಂಡು ಹೋಗ್ತೀಯಾ ಇಲ್ವಾ?" ಎಂದಳು.

"ನಾಳೆ ಇಲ್ಲ," ಎಂದಳು ಅತ್ತಿಗೆ. "ಇವನು ಸೂಜಿ ತಗೊಂಡಿದ್ದನಂತೆ."

ಎದುರುಮನೆಯಾಕೆ ನಂಬಲಾರದೆ ಕಡ್ಡಿಯತ್ತ ನೋಡಿದಳು. ಕಡ್ಡಿ ಹೌದೆಂದು ತಲೆಯಾಡಿಸಿದ.