ಕೇಪಳದ ಸರದಿ

ಕೋಣಂದೂರಿನ ಮುಕುಂದಯ್ಯನೂ ಅವನ ತಮ್ಮ ಚಂದ್ರಯ್ಯನೂ ಅರವತ್ತೆರಡನೇ ಇಸವಿಯಲ್ಲಿ ಹಿಸ್ಸೆಯಾದಾಗ ಗದ್ದೆ, ಅಂಗಡಿ, ದನ, ತಾಮ್ರದ ಹಂಡೆ ಎಲ್ಲವೂ ಮಧ್ಯಾಹ್ನದ ಊಟದ ಹೊತ್ತಿಗೆ ಪಾಲಾಗಿ ಮುಗಿದವು. ಮುಗಿಯದೆ ಉಳಿದದ್ದು ಜಗುಲಿಯ ಮೂಲೆಯಲ್ಲಿದ್ದ ಒಂದು ಕೇಪಳದ ಗಿಡ. ಅದು ಅಣ್ಣತಮ್ಮಂದಿರ ಹೆಂಡತಿಯರಿಬ್ಬರಿಗೂ ಬೇಕು. ಪಂಚಾಯ್ತಿಗೆ ಬಂದಿದ್ದ ಹಿರಿಯರಿಗೆ ಹಸಿವಾಗಿತ್ತು. ದೀಪಾವಳಿಯಿಂದ ಯುಗಾದಿಯವರೆಗೆ ಅಣ್ಣನ ಮನೆಯಲ್ಲಿ, ಯುಗಾದಿಯಿಂದ ದೀಪಾವಳಿಯವರೆಗೆ ತಮ್ಮನ ಮನೆಯಲ್ಲಿ ಎಂದು ತೀರ್ಮಾನ ಹೇಳಿ ಎಲೆಯ ಮುಂದೆ ಕೂತರು. ದೀಪಾವಳಿಗೆ ಹಿರಿಯರ ಪೂಜೆ ನಡೆಯುವುದು ಅಣ್ಣನ ಮನೆಯಲ್ಲಾದ್ದರಿಂದ ಅದೇ ನ್ಯಾಯವೆಂದು ಎಲ್ಲರಿಗೂ ಕಂಡಿತು. ಗದ್ದೆ ಅಳೆಯಲು ಬಂದವರಿಗೆ ಗಿಡದ ವಿಚಾರ ತಿಳಿದಿರಬೇಕೆಂದೇನೂ ಇಲ್ಲವಲ್ಲ.

ಕೇಪಳಕ್ಕೆ ಇಷ್ಟು ಜಗಳವೇ ಎಂದು ಯಾರಾದರೂ ಕೇಳಬಹುದು. ಗುಡ್ಡಕ್ಕೆ ಹೋದರೆ ಕೆಂಪು ಗೊಂಚಲು ಹೂ ಬಿಡುವ ಆಳೆತ್ತರದ ಕೇಪಳದ ಪೊದೆಗಳು ಬೇಕಾದಷ್ಟಿವೆ, ಅವನ್ನು ಆಡು ಕೂಡ ಮೂಸುವುದಿಲ್ಲ. ಆದರೆ ಈ ಗಿಡ ಮೊಳದುದ್ದ ಮಾತ್ರ ಇತ್ತು. ಅಷ್ಟು ಪುಟ್ಟ ಗಿಡಕ್ಕೆ ಮುಂಗೈ ದಪ್ಪದ ಕಾಂಡ, ಬಿರುಕು ಬಿಟ್ಟ ತೊಗಟೆ, ಕೊಡೆಯಂತೆ ಹರಡಿದ ತಲೆ. ಅಂಗೈ ಆಳದ ಮಣ್ಣಿನ ಬಾನಿಯಲ್ಲಿ ಅದು ಊರ ಮುಂದಿನ ಹಳೇ ಮರದ ಗತ್ತಿನಲ್ಲಿ ನಿಂತಿರುತ್ತಿತ್ತು. ಈ ಅಣ್ಣತಮ್ಮಂದಿರ ತಾಯಿ ವರದಮ್ಮ ಹೊಸ ಸೊಸೆಯಾಗಿದ್ದಾಗ ಕವಲೇದುರ್ಗಕ್ಕೆ ಹೋದವಳು ಕೋಟೆಗೋಡೆಯ ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡಿದ್ದ ಇದನ್ನು ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಆಮೇಲೆ ಬದುಕಿದ್ದಷ್ಟು ಕಾಲವೂ ಅದರ ಚಿಗುರನ್ನು ಉಗುರಿನಲ್ಲೇ ಚಿವುಟಿ ಚಿವುಟಿ ಆ ಆಕಾರಕ್ಕೆ ತಂದಳು. ಈಗ ಪೇಟೆಯವರು ಇಂಥದ್ದಕ್ಕೆ ಬೋನ್ಸಾಯ್ ಎನ್ನುತ್ತಾರೆ, ದುಡ್ಡು ಕೊಟ್ಟು ಕಲಿಯುತ್ತಾರೆ. ವರದಮ್ಮನಿಗೆ ಅದು ಬಾನಿ ಕೇಪಳ, ಅಷ್ಟೇ.

ವರದಮ್ಮ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಮೈ ತೊಳೆದು ಗಂಜಿ ಕುಡಿಸಿದವಳು ಹಿರಿಸೊಸೆ ಶೇಷಮ್ಮ. ಗಿಡದ ಮಣ್ಣು ಬದಲಿಸುವುದನ್ನು ಮಲಗಿದಲ್ಲಿಂದಲೇ ಹೇಳಿಕೊಟ್ಟು, "ಇದನ್ನ ಸಾಯಕ್ಕೆ ಬಿಡಬೇಡ" ಎಂದಿದ್ದಳು ಮುದುಕಿ. ಹಿಸ್ಸೆಯ ದಿನ ಶೇಷಮ್ಮ ಆ ಮಾತು ತೆಗೆದಾಗ ಕಿರಿಸೊಸೆ ಮೂಕಾಂಬಿಕಾ ಎಲ್ಲರೆದುರು, "ಅತ್ತೆ ಸೇವೆ ಮಾಡಿದ್ದೇ ಗಿಡದ ಆಸೆಗೆ ಅನ್ನಿ" ಎಂದುಬಿಟ್ಟಳು. ಕಂಚಿನ ಪಾತ್ರೆಗೆ ಆಸೆಪಟ್ಟೆ ಎಂದಿದ್ದರೆ ಶೇಷಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಈ ಮಾತು ಮಾತ್ರ ಅವಳ ಎದೆಯಲ್ಲಿ ನಾಟಿಕೊಂಡಿತು. ಚಂದ್ರಯ್ಯ ತೀರ್ಥಹಳ್ಳಿಗೆ ಹೋಗಿ ಹೆಂಚಿನ ವ್ಯಾಪಾರ ಶುರುಮಾಡಿದ. ಓರಗಿತ್ತಿಯರಿಬ್ಬರೂ ಮಾತು ಬಿಟ್ಟರು. ವರ್ಷಕ್ಕೆರಡು ಸಲ ಗಿಡ ಮಾತ್ರ ಗಂಡಸರ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿತ್ತು.

ಅರವತ್ತಾರರ ಹೊತ್ತಿಗೆ ಗಿಡದ ಮುಖ ಬಾಡಿತು. ಎಲೆ ಹಳದಿಯಾಯಿತು, ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ನೀರು ಹೊಯ್ದರೆ ಒಳಗಿಳಿಯದೆ ಮೇಲೆಯೇ ನಿಂತು ಅಂಚಿನಿಂದ ಹರಿದುಹೋಗುತ್ತಿತ್ತು. ಶೇಷಮ್ಮ ಬಾನಿಯನ್ನು ಓರೆಮಾಡಿ ತಳದ ತೂತು ನೋಡಿದಳು. ಅಲ್ಲಿಂದ ಬೇರು ಇಲಿಬಾಲದ ಹಾಗೆ ಹೊರಗೆ ಬಂದಿತ್ತು. ಹಿಸ್ಸೆಯಾದ ಮೇಲೆ ಯಾರೂ ಮಣ್ಣು ಬದಲಿಸಿರಲಿಲ್ಲ. ಅವಳ ಮನೆಯಲ್ಲಿ ಗಿಡ ಇರುವುದು ಚಳಿ ಮತ್ತು ಒಣ ತಿಂಗಳುಗಳಲ್ಲಿ. ಆಗ ಅದು ತೂಕಡಿಸುತ್ತಿರುತ್ತದೆ, ಬೇರು ಕೊಯ್ದರೆ ಮತ್ತೆ ಚಿಗುರುವ ತ್ರಾಣವಿಲ್ಲ. ಬೇಸಿಗೆಯ ಕೊನೆಗೆ ಭರಣಿ ಮಳೆ ಒಂದೆರಡು ಹನಿದು, ನೆಲ ಬೆಚ್ಚಗಿದ್ದು, ಗಿಡದ ತುದಿ ಕೆಂಪಾದಾಗ ಆ ಕೆಲಸ ಆಗಬೇಕು. ಆ ಹೊತ್ತಿಗೆ ಗಿಡ ತೀರ್ಥಹಳ್ಳಿಯಲ್ಲಿರುತ್ತದೆ.

"ಈ ಸಲ ಯುಗಾದಿಗೆ ಕಳ್ಸೋದು ಬೇಡ. ಇಲ್ಲೇ ಇಟ್ಕಂಡು ಮಣ್ಣು ಬದಲ್ಸಿ, ಬೇರು ಹಿಡಿದ್ಮೇಲೆ ಕೊಡ್ತೀನಿ" ಎಂದಳು ಗಂಡನಿಗೆ.

ಮುಕುಂದಯ್ಯ ಮೆತ್ತಗಿನ ಮನುಷ್ಯ, ಆದರೆ ಕೊಟ್ಟ ಮಾತಿನ ವಿಷಯದಲ್ಲಿ ಕಲ್ಲು. "ಹಿರೀರು ಹೇಳಿದ್ದು ಮಾತು. ನಾವೇ ಮುರಿದ್ರೆ ನಾಳೆ ಅವನು ಬೇಲಿ ಮುರೀತಾನೆ. ಎಂತ ಹೇಳ್ಬೇಕೋ ಹೇಳು, ಹೋದಾಗ ಅವಳಿಗೆ ತಿಳಿಸ್ತೀನಿ."

ಶೇಷಮ್ಮ ಹೇಳಿಕಳಿಸಿದಳು. ಭರಣಿಯಲ್ಲಿ ಮಣ್ಣು ಬದಲಿಸಬೇಕು, ಜಡಿಮಳೆಯ ಆರಿದ್ರೆಗೆ ಬಿಡಬಾರದು. ಗಿಡ ಒಪ್ಪಿಸಿ ಬಂದ ಮುಕುಂದಯ್ಯ ಉತ್ತರವನ್ನೂ ತಂದ. ಗಿಡ ನೆಡುವುದು ಆರಿದ್ರೆ ಮಳೆಯಲ್ಲಿ ಎಂದು ಊರಿಗೆಲ್ಲ ಗೊತ್ತಿದೆಯಂತೆ, ಶೇಷಮ್ಮನ ಸರದಿ ಮುಗಿದ ಮೇಲೆ ಅವಳಿಗೇಕೆ ಚಿಂತೆಯಂತೆ.

ಊರಿಗೆಲ್ಲ ಗೊತ್ತಿದ್ದದ್ದು ನಿಜವೇ. ನಮ್ಮ ಕಡೆ ಬಾಳೆ, ಮೆಣಸಿನ ಬಳ್ಳಿ, ಬೇಲಿಗೂಟ ಏನೇ ಇರಲಿ, ಆರಿದ್ರೆಯಲ್ಲಿ ನೆಟ್ಟರೆ ಹತ್ತಿಕೊಳ್ಳುತ್ತದೆ. ಆದರೆ ಅದು ನೆಲಕ್ಕೆ ನೆಡುವ ಗಿಡದ ಮಾತು. ಬೇರು ಕತ್ತರಿಸಿ ಬಾನಿಗೆ ಕೂರಿಸಿದ ಗಿಡಕ್ಕೆ ಆ ಮಳೆ ಹಿಡಿದರೆ, ಬಿಸಿಲಿಲ್ಲದೆ, ಗಾಯ ಒಣಗದೆ, ಬುಡದಿಂದ ಕೊಳೆತು ಆಷಾಢ ಕಳೆಯುವ ಹೊತ್ತಿಗೆ ಕರ್ರಗಾಗುತ್ತದೆ. ಮೂಕಾಂಬಿಕಾ ಗಿಡವನ್ನು ಪ್ರೀತಿಯಿಂದಲೇ ಕೊಲ್ಲುತ್ತಾಳೆ ಎಂಬುದು ಶೇಷಮ್ಮನಿಗೆ ಗೊತ್ತಾಯಿತು.

ತಾನೇ ಹೋಗಬೇಕು. ಹೋದರೆ ಆ ಹೊಸ್ತಿಲು ತಾನೇ ಮೊದಲು ದಾಟಿದಂತಾಗುತ್ತದೆ. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮಣ್ಣು ಬದಲಿಸಿದ ಗಿಡವನ್ನು ಮುಂದಿನ ಬೇಸಿಗೆಯವರೆಗೆ ಕದಲಿಸುವಂತಿಲ್ಲ, ಬಸ್ಸಿನ ಕುಲುಕಾಟಕ್ಕೆ ಹೊಸ ಬೇರೆಲ್ಲ ಹರಿದುಹೋಗುತ್ತವೆ. ಅಂದರೆ ದೀಪಾವಳಿಗೆ ಗಿಡ ಕೋಣಂದೂರಿಗೆ ಬರುವುದಿಲ್ಲ. ಒಂದು ಸಲ ಸರದಿ ತಪ್ಪಿದರೆ ಮತ್ತೆ ಬರುತ್ತದೆಂಬ ಖಾತ್ರಿ ಏನು? ಅತ್ತೆಯದೆಂದು ಮನೆಯಲ್ಲಿ ಉಳಿದಿದ್ದು ಅದೊಂದೇ.

"ಹಂಗಾದ್ರೆ ಸುಮ್ನಿರು ಮಾರಾಯ್ತಿ" ಎಂದ ಮುಕುಂದಯ್ಯ. "ಅವಳ ಮನೇಲಿ ಸತ್ರೆ ಅವಳ ಮೇಲೆ ಬರ್ತದೆ."

ಆ ಮಾತಿಗೆ ಶೇಷಮ್ಮನಿಗೆ ಸಿಟ್ಟು ಬಂತು. ಸಿಟ್ಟು ಬರಲು ಕಾರಣ, ಅದೇ ಯೋಚನೆ ಅವಳಿಗೂ ಒಂದು ಗಳಿಗೆ ಬಂದುಹೋಗಿತ್ತು.

ಭರಣಿ ಮಳೆ ಬಿದ್ದ ಮೂರನೇ ದಿನ ಅವಳು ಬಸ್ಸು ಹತ್ತಿದಳು. ಚೀಲದಲ್ಲಿ ಕಾಡಿನ ದರಗೆಲೆ ಕೊಳೆತ ಕಪ್ಪು ಮಣ್ಣು, ಹೊಳೆಯ ದಪ್ಪ ಮರಳು, ಚೂಪು ಮಾಡಿದ ಬಿದಿರಕಡ್ಡಿ, ಹರಿತದ ಚೂರಿ, ಬಾಳೆನಾರು. "ಇವತ್ತು ಗಿಡ ಇಲ್ವ ಅಮ್ಮ? ಅದರ ಟಿಕೆಟ್ ಉಳೀತು ಬಿಡಿ" ಎಂದು ಮುಕುಂದಯ್ಯನ ಪರಿಚಯವಿದ್ದ ಕಂಡಕ್ಟರ್ ತಮಾಷೆ ಮಾಡಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ತೀರ್ಥಹಳ್ಳಿಯ ಮನೆಯ ಬಾಗಿಲು ತೆಗೆದ ಮೂಕಾಂಬಿಕಾ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಅವಳ ಕಣ್ಣು ಚೀಲದಿಂದ ಇಣುಕುತ್ತಿದ್ದ ಚೂರಿಯ ಮೇಲೆ ನೆಟ್ಟಿತು.

"ಬೇರು ಕೊಯ್ಯಕ್ಕೆ ಬಂದ್ರಾ? ನನ್ನ ಮನೇಲಿ ಸತ್ತು ಹೋಗ್ಲಿ, ನನ್ನ ತಲೆಗೆ ಬರ್ಲಿ ಅಂತನಾ?"

"ಕೊಯ್ಯದಿದ್ರೇ ಸಾಯ್ತದೆ" ಎಂದಳು ಶೇಷಮ್ಮ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು. "ನೋಡು, ಗಿಡದ ಆಸೆಗೆ ನಾನು ಬಂದಿಲ್ಲ. ಮಣ್ಣು ಬದಲ್ಸಿದ್ಮೇಲೆ ಬರೋ ಬೇಸಿಗೆವರೆಗೆ ಅದನ್ನ ಅಲ್ಲಾಡ್ಸೋ ಹಂಗಿಲ್ಲ. ದೀಪಾವಳಿಗೂ ಇಲ್ಲೇ ಇರ್ಬೇಕು. ನನ್ನ ಸರದಿ ಬಿಟ್ಟೆ ಅಂತ ಹೇಳಿ ಹೋಗ್ತೀನಿ. ನಿನ್ನ ಗಂಡನ್ನೂ ಕರಿ, ಅವನೆದುರಿಗೇ ಹೇಳ್ತೀನಿ."

ಮೂಕಾಂಬಿಕಾ ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು. "ಅವರು ಅಂಗಡೀಲಿದಾರೆ" ಎಂದಳು. ಆಮೇಲೆ ಒಳಗೆ ಹೋಗಿ ಕಾಲಿಗೆ ನೀರು ತಂದಿಟ್ಟಳು.

ಗಿಡ ಹಿತ್ತಿಲ ಕಟ್ಟೆಯ ಮೇಲಿತ್ತು. ಬುಡಕ್ಕೆ ಒಲೆಯ ಬೂದಿ ಸುರಿದಿತ್ತು. ಗೊಬ್ಬರವಾಗಲಿ ಎಂದು ಮೂಕಾಂಬಿಕಾಳೇ ಹಾಕಿದ್ದು. ಕೇಪಳಕ್ಕೆ ಬೂದಿ, ಸುಣ್ಣ ಆಗಿಬರುವುದಿಲ್ಲ, ಎಲೆ ಇನ್ನೂ ಹಳದಿಯಾಗುತ್ತದೆ. ಶೇಷಮ್ಮ ಬೈಯಲು ಬಾಯಿ ತೆರೆದವಳು ಬೂದಿಯನ್ನು ಸುಮ್ಮನೆ ಕೈಯಲ್ಲಿ ಕೆರೆದು ತೆಗೆದಳು. ಬಾನಿಯ ಒಳಅಂಚಿನ ಸುತ್ತ ಚೂರಿ ಆಡಿಸಿ ಬುಡ ಹಿಡಿದು ಎಳೆದರೂ ಗಿಡ ಬರಲಿಲ್ಲ.

"ಬಾನಿ ಹಿಡ್ಕ" ಎಂದಳು. ಮೂಕಾಂಬಿಕಾ ಕೂತು ಬಾನಿಯನ್ನು ಮಂಡಿಗಳ ನಡುವೆ ಬಿಗಿಹಿಡಿದಳು. ಇಬ್ಬರೂ ಎರಡು ಕಡೆಗೆ ಜಗ್ಗಿದ ಮೇಲೆ ಗಿಡ ಬಾನಿಯ ಆಕಾರದಲ್ಲೇ ಹೊರಗೆ ಬಂತು. ಮಣ್ಣು ಎಂಬುದೇ ಉಳಿದಿರಲಿಲ್ಲ. ಬರೀ ಬೇರು, ಒಂದಕ್ಕೊಂದು ಸುತ್ತಿಕೊಂಡು, ತಮ್ಮನ್ನೇ ತಾವು ಬಿಗಿದುಕೊಂಡು ಕೂತಿದ್ದವು.

"ಅಯ್ಯೋ ಪಾಪ" ಎಂದಳು ಮೂಕಾಂಬಿಕಾ ಸಣ್ಣಗೆ.

ಆಮೇಲಿನದು ಕೆಲಸ. ಬಿದಿರಕಡ್ಡಿಯಿಂದ, ಸಿಕ್ಕುಗಟ್ಟಿದ ತಲೆ ಬಾಚುವ ಹಾಗೆ, ಹೊರಗಿನಿಂದ ಒಳಕ್ಕೆ ಬೇರು ಬಿಡಿಸುತ್ತ ಬಂದರು. ಗಾಳಿಗೆ ಒಣಗದಂತೆ ಮೂಕಾಂಬಿಕಾ ಆಗಾಗ ನೀರು ಚಿಮುಕಿಸುತ್ತಿದ್ದಳು. ಕೆಳಮುಖವಾಗಿ ಹೋದ ದಪ್ಪ ಬೇರುಗಳನ್ನು ಶೇಷಮ್ಮ ಮೊದಲು ಕೊಯ್ದಳು, ಆಮೇಲೆ ಸುತ್ತಿಕೊಂಡವುಗಳ ತುದಿ. ಬುಡದ ಹತ್ತಿರದ ಕೂದಲಿನಂಥ ಬೇರು ಮುಟ್ಟಲಿಲ್ಲ, ಗಿಡ ನೀರು ಕುಡಿಯುವುದು ಅದರಿಂದ. ಮೂರರಲ್ಲೊಂದು ಪಾಲು ಹೋಯಿತು. ಕೆಳಗೆ ಎಷ್ಟು ಹೋಯಿತೋ ಮೇಲೂ ಅಷ್ಟು ಹೋಗಬೇಕೆಂದು ರೆಂಬೆಗಳ ತುದಿಯನ್ನೂ ತೆಗೆದಳು. ಬಾನಿ ತೊಳೆದು, ತೂತಿನ ಮೇಲೆ ಹೆಂಚಿನ ಚೂರು ಇಟ್ಟರು. ಹೆಂಚಿನ ವ್ಯಾಪಾರದ ಮನೆಯಲ್ಲಿ ಅದಕ್ಕೇನೂ ಬರವಿರಲಿಲ್ಲ. ಕೆಳಗೆ ಮರಳು, ಮೇಲೆ ದರಗು ಮಣ್ಣು, ಹಿತ್ತಿಲ ಕೆಮ್ಮಣ್ಣು ಸ್ವಲ್ಪ. ಗಿಡ ಕೂರಿಸಿ, ಬೇರಿನ ಸಂದಿಗೆಲ್ಲ ಕಡ್ಡಿಯಿಂದ ಮಣ್ಣು ತುಂಬಿಸಿ, ಅಲುಗದಂತೆ ಬಾಳೆನಾರಿನಿಂದ ಬಾನಿಗೆ ಕಟ್ಟಿದರು. ತೂತಿನಿಂದ ತಿಳಿನೀರು ಬರುವವರೆಗೆ ನೀರು ಹೊಯ್ದರು.

"ಬಿಸಿಲು ಬೇಡ, ಗಾಳಿ ಬೇಡ. ಮಳೆಗಾಲ ಪೂರ್ತಿ ಮಾಡಿನ ಕೆಳಗೇ ಇರ್ಲಿ. ಹೊಸ ಎಲೆ ಬಲಿಯೋವರೆಗೆ ಗೊಬ್ಬರ ಹಾಕ್ಬೇಡ. ಹಳೇ ಎಲೆ ಉದುರಿದ್ರೆ ಹೆದರ್ಬೇಡ" ಎಂದಳು ಶೇಷಮ್ಮ. ಕೊನೆಗೆ ಕಷ್ಟದ ಮಾತು. "ಮೊಗ್ಗು ಬಂದ್ರೆ ಎಲ್ಲ ಚಿವುಟಿ ಹಾಕ್ಬೇಕು. ಈ ವರ್ಷ ಅದಕ್ಕೆ ಹೂ ಬಿಡೋ ಶಕ್ತಿ ಇಲ್ಲ, ಬಿಟ್ರೆ ಬೇರು ಸಾಯ್ತದೆ."

"ಒಂದು ಹೂವೂ ಬೇಡ್ವಾ?"

"ಒಂದೂ ಬೇಡ."

ಮೂಕಾಂಬಿಕಾ ಕಾಫಿ ಕೊಟ್ಟಳು. ಕುಡಿದು ಲೋಟ ತೊಳೆದಿಟ್ಟು ಶೇಷಮ್ಮ ಮೂರು ಗಂಟೆಯ ಬಸ್ಸಿಗೆ ಹೊರಟಳು. ತಿರುಗಿ ನೋಡಬಾರದೆಂದುಕೊಂಡಿದ್ದಳು, ನೋಡಿದಳು. ತಲೆ ಬೋಳಿಸಿಕೊಂಡ ಗಿಡ ಹಿತ್ತಿಲಲ್ಲಿ ಮಂಕಾಗಿ ನಿಂತಿತ್ತು.

ಮಳೆಗಾಲ ಬಂತು, ತೀರ್ಥಹಳ್ಳಿಯಿಂದ ಸುದ್ದಿ ಬರಲಿಲ್ಲ. ಹೇಳಿಕಳಿಸಿ ಕೇಳಬಹುದಿತ್ತು, ಶೇಷಮ್ಮ ಕೇಳಲಿಲ್ಲ. ಆ ಮೂಕಾಂಬಿಕಾ ಹೂವೆಂದರೆ ಪ್ರಾಣ ಬಿಡುವವಳು, ದಿನಾ ಜಡೆಗೆ ಹೂವಿಲ್ಲದೆ ಅಂಗಳಕ್ಕೂ ಇಳಿಯದವಳು. ಅವಳು ಮೊಗ್ಗು ಚಿವುಟುತ್ತಾಳೆಯೇ? ಆರಿದ್ರೆ ಮಳೆ ಹೆಂಚಿನ ಮೇಲೆ ಸದ್ದು ಮಾಡುವಾಗೆಲ್ಲ ಶೇಷಮ್ಮನಿಗೆ ಕೊಳೆತ ಬೇರು ನೆನಪಾಗುತ್ತಿತ್ತು. ಸರದಿಯನ್ನೂ ಬಿಟ್ಟುಕೊಟ್ಟೆ, ಗಿಡವನ್ನೂ ಕಳೆದುಕೊಂಡೆ ಎಂದು ತನ್ನ ಮೇಲೇ ಉರಿದುಬೀಳುತ್ತಿದ್ದಳು. ಬೈಸಿಕೊಳ್ಳುತ್ತಿದ್ದವನು ಮುಕುಂದಯ್ಯ.

ದೀಪಾವಳಿ ಬಂತು. ಹಿರಿಯರ ಪೂಜೆಗೆ ವರದಮ್ಮನ ಹೆಸರಿನಲ್ಲಿ ಚೆಂಡುಹೂ ಇಟ್ಟರು. ಜಗುಲಿಯ ಮೂಲೆಯಲ್ಲಿ ಬಾನಿ ಇಡುವ ಮಣೆ ಖಾಲಿ ಇತ್ತು. ಅದನ್ನು ತೆಗೆದು ಅಟ್ಟಕ್ಕೆ ಹಾಕೋಣವೇ ಎಂದು ಮುಕುಂದಯ್ಯ ಕೇಳಿದಾಗ ಶೇಷಮ್ಮ ಮಣೆ ಒರೆಸಿ ಅಲ್ಲೇ ಇಟ್ಟಳು.

ಹಬ್ಬದ ಮರುದಿನ ಬೆಳಗಿನ ಬಸ್ಸಿನಿಂದ ಮೂಕಾಂಬಿಕಾ ಇಳಿದಳು. ಹಿಸ್ಸೆಯಾದ ಮೇಲೆ ಅವಳು ಈ ಮನೆಗೆ ಬಂದದ್ದು ಇದೇ ಮೊದಲು. ಅವಳ ಕೈಯಲ್ಲಿ ಗಿಡವಿರಲಿಲ್ಲ, ಜಡೆಯಲ್ಲಿ ಹೂವೂ ಇರಲಿಲ್ಲ.

"ಹೋಯ್ತಾ?" ಎಂದಳು ಶೇಷಮ್ಮ.

"ಎಂತಕ್ಕೆ ಹೋಗ್ತದೆ? ಚಿಗುರಿ ತಲೆ ತುಂಬಿಕಂಡಿದೆ. ಹಳೇ ಎಲೆ ಎಲ್ಲ ಉದುರಿದಾಗ ನಾನು ಅತ್ತು ಅವರ ಹತ್ರ ಬೈಸ್ಕಂಡೆ." ಮೂಕಾಂಬಿಕಾ ಜಗುಲಿಯ ಅಂಚಿನಲ್ಲಿ ಕೂತು ಬಲಗೈ ಹೆಬ್ಬೆರಳು ತೋರಿಸಿದಳು. ಉಗುರಿನ ಅಂಚು ಕಪ್ಪಾಗಿತ್ತು, ವರದಮ್ಮನ ಉಗುರು ಇದ್ದ ಹಾಗೇ. "ಎಷ್ಟು ಮೊಗ್ಗು ಬಂತು ಅಂತೀರಿ. ಒಂದನ್ನೂ ಬಿಡ್ಲಿಲ್ಲ ಅಕ್ಕಯ್ಯ. ಅದನ್ನ ಚಿವುಟಿ ಹಾಕಿ ನಾನು ಬೇರೆ ಹೂ ಮುಡ್ಕಳದು ಹ್ಯಾಂಗೆ ಅಂತ, ನಾನೂ ಮುಡೀಲಿಲ್ಲ."

ಶೇಷಮ್ಮ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಮೂಕಾಂಬಿಕಾ ಕುಡಿದು ಲೋಟ ಕೆಳಗಿಟ್ಟಳು.

"ಹಿಸ್ಸೆ ದಿನ ನಾನು ಆಡಿದ ಮಾತು ಆಡಬಾರದಿತ್ತು" ಎಂದಳು, ನೆಲ ನೋಡುತ್ತ. "ಸರಿ, ಹೊರಡಿ ಈಗ. ಹನ್ನೊಂದರ ಬಸ್ಸಿದೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನಿನ್ನೆಯಿಂದ ಸರದಿ ನಿಮ್ದು. ಗಿಡ ಅಲ್ಲಾಡ್ಸೋ ಹಂಗಿಲ್ಲ ಅಂತ ನೀವೇ ಹೇಳಿದೀರಿ. ಹಂಗಾಗಿ ನಿಮ್ಮನ್ನೇ ಕರ್ಕಂಡು ಹೋಗಕ್ಕೆ ಬಂದೆ."

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಮುಕುಂದಯ್ಯ ಬಾಗಿಲಿಗೆ ಬಂದ. "ಅಲ್ಲ, ನನ್ನ ಊಟಕ್ಕೆ?"

"ಪಂಚಾಯ್ತೀಲಿ ಅದರ ಮಾತು ಬರ್ಲಿಲ್ಲ ಭಾವ" ಎಂದಳು ಮೂಕಾಂಬಿಕಾ, ಸೆರಗು ಸರಿಮಾಡಿಕೊಳ್ಳುತ್ತ.

ಶೇಷಮ್ಮ ಕಣ್ಣೊರೆಸಿಕೊಂಡು ಕೋಣೆಗೆ ಹೋದಳು. ಹಗ್ಗದ ಮೇಲಿದ್ದ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು. ಮೂಕಾಂಬಿಕಾ ಆ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು.

"ಎರಡೇ ಸೀರೆನಾ? ನಿಮ್ಮ ಸರದಿ ಯುಗಾದಿವರೆಗೆ ಇದೆ ಅಕ್ಕಯ್ಯ" ಎಂದಳು.