ಮುಳುಗೋ ಹೊಲದ ಬದು

ಯಲ್ಲಪ್ಪ ಶಾಂತ ಆಗಬೇಕಂತ ಹಟ ಹಿಡದಿದ್ದ. ಹಟ ಹಿಡದು ಯಾರರ ಶಾಂತ ಆಗ್ತಾರೇನು ಅಂತ ನೀವು ಕೇಳಬಹುದು, ಅವನ ಹೆಣ್ತಿ ಕಾಶೆವ್ವನೂ ಅದನ್ನ ಕೇಳಿದ್ಲು. ಆದ್ರ ಅಳಿಯ ಒಂದು ಮಾತು ಹೇಳಿದ ಮ್ಯಾಲ ಯಲ್ಲಪ್ಪಗ ಅದು ಮುಗದ ಮಾತು. ಅಳಿಯ ರಾಜಪ್ಪ ಗೋಕಾಕದಾಗ ಹೈಸ್ಕೂಲ ಮಾಸ್ತರ. ಧಾರವಾಡದಾಗ ತತ್ವಶಾಸ್ತ್ರ, ಮನಶ್ಶಾಸ್ತ್ರ ಎರಡೂ ಓದಿ ಬಂದಾಂವ. ಮನಷ್ಯಾ ಭಾಳ ಛಲೋ. ಆದ್ರ ಬಾಜೂಕ ಯಾರರ ಸೀನಿದ್ರೂ ಆ ಸೀನಿನ ಹಿಂದ ಮನಸಿನಾಗ ಏನೋ ಕಾರಣ ಐತಿ ಅಂತ ಕುರ್ಚಿ ಮುಂದ ಎಳಕೊಂಡು ಕುಂದರಾಂವ.

ಆವಾಗ ಹಿಡಕಲ್ಲಿನಾಗ ಡ್ಯಾಮಿನ ಕೆಲಸ ನಡದಿತ್ತು. ಹಿನ್ನೀರು ಇಲ್ಲೀತನಕ ಬರತೈತಿ ಅಂತ ಸರಕಾರದವರು ಕಲ್ಲು ನೆಟ್ಟು ಹೋಗಿದ್ರು. ಯಲ್ಲಪ್ಪನ ಹೊಲ, ಮನಿ, ಇಡೀ ಊರು ಆ ಕಲ್ಲಿನ ಕೆಳಗ. ಬದಲಿ ಹೊಲ ಬ್ಯಾರೆ ಕಡೆ ಕೊಡ್ತೀವಿ, ಹುಕ್ಕೇರಿ ಕಚೇರಿಗಿ ಬಂದು ಆರಿಸಿಕೊಳ್ರಿ ಅಂತ ಡಂಗುರಾನೂ ಹೊಡಿಸಿದ್ರು. ಈ ಚಿಂತ್ಯಾಗ ಮಾವ ಹಾಸಿಗಿ ಹಿಡದಾನು ಅಂತ ಹೆದರಿ ರಾಜಪ್ಪ ಬಸ್ಸು ಹತ್ತಿ ಬಂದ. ಪಡಸಾಲ್ಯಾಗ ಕುಂತು, ಚಹಾ ಕುಡದು, ಒಂದು ಪ್ರಶ್ನೆ ಕೇಳಿದ.

"ಮಾವಾರ, ಮುಂಜಾನೆದ್ದು ಯಾತಕ್ಕ ಹಾಸಿಗಿ ಬಿಡ್ತೀರಿ? ವಿಚಾರ ಮಾಡಿ ಹೇಳ್ರಿ. ಅದು ಗೊತ್ತಿದ್ದಾಂವನ ಬಾಳುವಿಗಿ ಒಂದು ಅರ್ಥ ಇರತೈತಿ. ಹೊಲ ಮುಳುಗಿದ್ರೂ ಅಂವ ಮುಳುಗೂದಿಲ್ಲ."

ಓದಿದ ಅಳಿಯನ ಮುಂದ ಸಣ್ಣ ಉತ್ತರ ಕೊಡೂದು ಹೆಂಗ? ಯಲ್ಲಪ್ಪ ಹಣಿ ಮ್ಯಾಲಿನ ವಿಭೂತಿ ಮುಟ್ಟಿಕೊಂಡು, "ಲಿಂಗಪೂಜಿ ಮಾಡಾಕ" ಅಂದ.

ಒಳಗ ಒಲಿ ಮುಂದಿದ್ದ ಕಾಶೆವ್ವಗ ಕೆಮ್ಮು ಬಂತು. "ಪೂಜಿ ಆಮ್ಯಾಲ ಬಿಡ್ರಿ ಅಳಿಯಂದಿರ," ಅಂದ್ಲು. "ಎದ್ದ ಮಾರಿಗಿ ನೀರು ಸೈತ ಹಚ್ಚಂಗಿಲ್ಲ, ಗುಡ್ಡಪ್ಪ ಬದು ಕಡದಾನೇನು ನೋಡಾಕ ಹೊಲಕ್ಕ ಓಡ್ತಾರ."

ಈ ಗುಡ್ಡಪ್ಪ ಬಾಜೂ ಹೊಲದಾಂವ. ಇಬ್ಬರ ಹೊಲದ ನಡುವ ಒಂದು ಬದು, ಬದುವಿನ ಮ್ಯಾಲ ಒಂದು ಬೇವಿನ ಗಿಡ. ಇಬ್ಬರಿಗೂ ಮೀಸಿ ಮೂಡಿದಾಗಿಂದ ಆ ಬದುವಿನ ಸಲುವಾಗಿ ಜಗಳ. ನೀ ನೇಗಿಲು ಒತ್ತಿ ಹೊಡದಿ ಅಂತ ಇಂವ, ನೀ ಸಲಿಕಿ ಹಾಕಿ ಕೆರದಿ ಅಂತ ಅಂವ. ಮಧ್ಯಾಹ್ನ ಬುತ್ತಿ ಬಿಚ್ಚೂ ಹೊತ್ತಿಗಿ ಇಬ್ಬರಿಗೂ ಅದೊಂದ ಗಿಡದ ನೆರಳು ಬೇಕು. ಗಿಡಕ್ಕ ಬೆನ್ನು ಹಚ್ಚಿ, ಅಂವ ಅತ್ತಾಗ ಮಾರಿ ಮಾಡಿ, ಇಂವ ಇತ್ತಾಗ ಮಾರಿ ಮಾಡಿ ಕುಂತು, ಉಂಡು ಮುಗಿಯೂ ತನಕ ಒಬ್ಬರನ್ನೊಬ್ಬರು ಬೈತಿದ್ರು. ಗುಡ್ಡಪ್ಪನ ಹೆಣ್ತಿ ತೀರಿಕೊಂಡಾಗಿಂದ ಅವನ ಬುತ್ತ್ಯಾಗ ಸುಟ್ಟ ರೊಟ್ಟಿ, ಉಳ್ಳಾಗಡ್ಡಿ, ಅಷ್ಟ. ಕಾಶೆವ್ವ ಅಂದಿನಿಂದ ಗಂಡನ ಬುತ್ತಿಗಿ ಎರಡು ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿ ಕಟ್ಟತಿದ್ಲು. ಅದನ್ನ ಯಲ್ಲಪ್ಪ ಗಿಡದ ಆಚೆ ಬದಿಗಿ ಇಟ್ಟು ಬರಾಂವ. ಕೇಳಿದ್ರ, "ನಾಯಿಗಿ ಇಟ್ಟೆ" ಅಂತಿದ್ದ. ಆ ಹೊಲದಾಗ ನಾಯಿ ಕಂಡಾವರು ಯಾರೂ ಇಲ್ಲ.

ಇಷ್ಟೆಲ್ಲಾ ರಾಜಪ್ಪಗ ಏನು ಗೊತ್ತು? ಅವಗ ಕೇಳಿಸಿದ್ದು ಜಗಳ ಒಂದ. ಅದಕ್ಕ ಮದ್ದು ಹೇಳಿದ. "ಸಿಟ್ಟು ನಿಮ್ಮ ಆಯುಷ್ಯ ತಿನ್ನಾಕತ್ತೇತಿ ಮಾವಾರ. ಸಿಟ್ಟು ಬರೂ ಜಾಗಾಕ್ಕ ಹೋಗಬ್ಯಾಡ್ರಿ. ಗುಡ್ಡಪ್ಪನವರು ಎದುರಿಗಿ ಬಂದ್ರ ಮರ್ಯಾದಿ ಕೊಟ್ಟು ಮಾತಾಡ್ರಿ. ಹೊಲಾನ ನೀರಾಗ ಹೋಗೂ ಮುಂದ ಬದು ಯಾರದಾದ್ರೇನು?"

ಮಾತು ಖರೆ ಇತ್ತು. ಖರೆ ಮಾತಿಗಿ ಯಲ್ಲಪ್ಪ ಬಗ್ಗಾಂವ. ಮರುದಿನ ಹೊಲಕ್ಕ ಹೋಗಲಿಲ್ಲ. ಸಂಜಿ ಮುಂದ ಚಾವಡಿ ಹತ್ರ ಗುಡ್ಡಪ್ಪ ಎದುರಾದ. ಯಲ್ಲಪ್ಪ ಎರಡೂ ಕೈ ಜೋಡಿಸಿ, "ಆರಾಮ ಅದೀರೇನ್ರಿ ಗುಡ್ಡಪ್ಪನವರ?" ಅಂದ.

ಹುಟ್ಟಿದಾಗಿಂದ ಯಲ್ಲಪ್ಪನ ಬಾಯಾಗ 'ಲೇ ಗುಡ್ಡ್ಯಾ' ಅಂತ ಅನ್ನಿಸಿಕೊಂಡಾಂವ ಗುಡ್ಡಪ್ಪ. ಅಲ್ಲೇ ನಿಂತುಬಿಟ್ಟ. ಹಿಂದ ಯಾರರ ಸಾಹೇಬ್ರು ಬಂದಾರೇನು ಅಂತ ಹೊಳ್ಳಿ ನೋಡಿದ. ಆಮ್ಯಾಲ ಸೀದಾ ಯಲ್ಲಪ್ಪನ ಮನಿ ಹಿತ್ತಲಿಗಿ ಹೋಗಿ, "ಕಾಶೆವ್ವಾ, ಇವಗೇನಾಗೇತಿ? ಡಾಕ್ಟರಿಗಿ ತೋರಿಸೀರೇನು?" ಅಂತ ಕೇಳಿದ.

"ಅಳಿಯ ಬಂದು ಹೋದ" ಅಂದ್ಲು ಕಾಶೆವ್ವ. ಅದಕ್ಕಿಂತ ಹೆಚ್ಚಿಗಿ ಏನಂತ ಹೇಳ್ಯಾಳು?

ನಾಕ ದಿನ ಕಳದ ಮ್ಯಾಲ ಊರಾಗ ಒಂದು ಸುದ್ದಿ ಹಬ್ಬಿತು, ಗುಡ್ಡಪ್ಪ ಬದು ಕಡದಾನಂತ. ಕಡದದ್ದು ಸಣ್ಣಂಗ ಅಲ್ಲ. ಯಲ್ಲಪ್ಪ ಹೋಗಿ ನೋಡಿದ್ರ ಬೇವಿನ ಗಿಡದ ಬೇರು ಕಾಣೂ ಹಂಗ ಅಗದು, ಯಲ್ಲಪ್ಪನ ಜ್ವಾಳದೊಳಗ ಒಂದು ಮಾರು ನುಗ್ಗಿ, ಸಲಿಕಿ ಊರಿಕೊಂಡು ಗುಡ್ಡಪ್ಪ ನಿಂತಿದ್ದ. ಮುಂದಿನ ಮಳಿಗಾಲಕ್ಕ ನೀರು ಪಾಲಾಗೂ ನೆಲ ಅದು. ಅದನ್ನ ಕದ್ದು ಯಾವ ಶಾಣ್ಯಾ ಏನು ಮಾಡ್ಯಾನು? ಗುಡ್ಡಪ್ಪ ಯಲ್ಲಪ್ಪನ ಮಾರೀನ ನೋಡಕೋತ ಕಾಯಾಕತ್ತಿದ್ದ.

ಯಲ್ಲಪ್ಪನ ನಾಲಿಗಿ ತುದೀಗಿ ಎಲ್ಲಾ ಬಂದಿತ್ತು. ಅವರಜ್ಜನಿಂದ ಹಿಡದು ಎತ್ತಿನ ತನಕ ಯಾರನ್ನೂ ಬಿಡದಂಥಾ ಬೈಗಳ. ಆದ್ರ ಅಳಿಯನ ಮಾತು ನೆಪ್ಪಾಗಿ ಉಸರು ಬಿಗಿ ಹಿಡದ. "ತಗೊಳ್ರಿ ಗುಡ್ಡಪ್ಪನವರ," ಅಂದ, "ಎಲ್ಲಾ ನಿಮ್ದ." ಅಂದು ಹೊಳ್ಳಿ ಮನಿಗಿ ಬಂದ. ಬರೂ ಮುಂದ ಗುಡ್ಡಪ್ಪನ ಮಾರಿ ನೋಡಿದ್ದ. ಯಾರೋ ಬಾಗಿಲಾ ಮುಚ್ಚಿಕೊಂಡ್ರ ಹೊರಗ ನಿಂತಾಂವನ ಮಾರಿ ಹೆಂಗಾಗತೈತಿ, ಹಂಗಾಗಿತ್ತು.

ಗೆದ್ದೆ ಅಂತ ಯಲ್ಲಪ್ಪಗ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮರುದಿನ ಹೊತ್ತು ಮ್ಯಾಲ ಬಂದ್ರೂ ಏಳಲಿಲ್ಲ. ಅದರ ಮರುದಿನಾನೂ ಹಂಗ. ಉಂಡದ್ದು ರುಚಿ ಹತ್ತವಲ್ದು. ಪೂಜಿಗಿ ಕುಂತ್ರ ಅಂಗೈಯಾಗಿನ ಲಿಂಗದ ಮ್ಯಾಲ ಕಣ್ಣು ನಿಲ್ಲವಲ್ದು. "ಶಾಂತ ಆದ್ರೇನ್ರಿ?" ಅಂತ ಕಾಶೆವ್ವ ಕೇಳಿದ್ಲು. ಅಕಿ ದನ್ಯಾಗ ಚ್ಯಾಷ್ಟಿ ಇತ್ತು, ಹೆದರಿಕಿನೂ ಇತ್ತು. ಗುಡ್ಡಪ್ಪನೂ ಹೊಲಕ್ಕ ಬರೂದು ಬಿಟ್ಟಾನ, ಅಂಗಿ ಅವನ ಮೈಮ್ಯಾಲ ಜೋತಾಡತೈತಿ ಅಂತ ಅಕೀನ ಹೇಳಿದ್ಲು. ಯಲ್ಲಪ್ಪ ಗ್ವಾಡಿ ಕಡೆ ಹೊಳ್ಳಿ ಮಲಗಿದ.

ಹೊಲ ಆರಿಸಿಕೊಳ್ಳೂ ದಿನ ರಾಜಪ್ಪನ ಬಂದು ಮಾವನ್ನ ಎಬ್ಬಿಸಿಕೊಂಡು ಹುಕ್ಕೇರಿಗಿ ಹೋದ. ಕಚೇರಿ ಕಟ್ಟಿ ಮ್ಯಾಲ ಗುಡ್ಡಪ್ಪ ಒಬ್ಬನ ಕುಂತಿದ್ದ. ಇವರನ್ನ ನೋಡಿ ಮಾರಿ ಕೆಳಗ ಹಾಕಿದ. ಒಳಗ ಸಾಹೇಬ್ರು ಮೇಜಿನ ತುಂಬ ನಕಾಶಿ ಹಾಸಿದ್ರು.

"ನಿಮ್ಮ ಅಳಿಯಂದಿರು ಮೊದಲ ಹೇಳಿಟ್ಟಾರ," ಅಂದ್ರು ಸಾಹೇಬ್ರು. "ಮೂಡಲಗಿ ಕಡೆ, ತುಕ್ಕಾನಟ್ಟಿ ಹತ್ರ ಕರೀ ಮಣ್ಣಿನ ಎರಿ ಹೊಲ. ಕಾಲವಿ ನೀರು ಬರತೈತಿ. ಗೋಕಾಕದ ಮಗಳ ಮನಿನೂ ಸಮೀಪ. ಹೆಬ್ಬಟ್ಟು ಒತ್ತರಿ."

ಯಲ್ಲಪ್ಪ ಶಾಯಿ ಹತ್ತಿದ ಬೆರಳು ಹಂಗ ಮ್ಯಾಲ ಹಿಡದು, "ಗುಡ್ಡಪ್ಪಗ ಎಲ್ಲಿ ಬಂದೈತ್ರಿ?" ಅಂತ ಕೇಳಿದ.

ಸಾಹೇಬ್ರು ನಕ್ರು. "ಅದರ ಚಿಂತಿ ಬಿಡ್ರಿ. ನಿಮ್ಮಿಬ್ಬರ ಜಗಳ ಈ ಕಚೇರಿ ತನಕ ಗೊತ್ತೈತಿ. ಅವನ್ನ ಇಲ್ಲೇ ಹುಕ್ಕೇರಿ ಕಡೆ ಗರಸಿನ ನೆಲಕ್ಕ ಹಾಕೇವಿ. ನೀವು ಇನ್ನ ಅವನ ಮಾರಿ ಸೈತ ನೋಡೂದು ಬ್ಯಾಡ."

"ಅವನ ಬಾಜೂಕ ಯಾರ ಅದಾರ್ರಿ?"

"ಯಾರೂ ಇಲ್ಲ. ಆ ಕಲ್ಲು ನೆಲ ಯಾರಿಗಿ ಬೇಕು?"

ಯಾರೂ ಇಲ್ಲ ಅಂದ ಮಾತು ಯಲ್ಲಪ್ಪನ ಎದ್ಯಾಗ ಚುಚ್ಚಿತು. ಒಲಿ ಹಚ್ಚಾಕ ಬರದಾಂವ, ಬೈಯಾಕ ಒಬ್ಬರಿಲ್ಲದ ಜಾಗಾದಾಗ, ನಡು ಮಧ್ಯಾಹ್ನದಾಗ ಸುಟ್ಟ ರೊಟ್ಟಿ ಬಿಚ್ಚಿಕೊಂಡು ಕುಂತದ್ದು ಅವನ ಕಣ್ಣಿಗಿ ಕಂಡಿತು. ಆಮ್ಯಾಲ ತಾನೂ ಕಂಡ, ಕಾಲವಿ ದಂಡಿ ಮ್ಯಾಲ, ಹಸರ ಬೆಳಿ ನಡುವ, ಶಾಂತ ಆಗಿ, ಹೊತ್ತು ಏರಿದ್ರೂ ಹಾಸಿಗ್ಯಾಗ.

"ಆ ಬಾಜೂಕಿಂದು ನನಗ ಬರೀರಿ ಸಾಹೇಬ್ರ."

"ಮಾವಾರ!" ಅಂದ ರಾಜಪ್ಪ. "ನೀರಿನ ಹೊಲ ಬಿಟ್ಟು ಗರಸು ತಗೊಂತೀರಿ? ಅದೂ ಆ ಮನಷ್ಯಾನ ಬಾಜೂಕ?"

"ನೀವ ಕೇಳಿದ್ರೆಲ್ಲಾ ಅಳಿಯಂದಿರ, ಮುಂಜಾನೆದ್ದು ಯಾತಕ್ಕ ಹಾಸಿಗಿ ಬಿಡ್ತೀರಿ ಅಂತ? ಅವತ್ತ ನಿಮಗ ಸುಳ್ಳ ಹೇಳಿದೆ. ಶಿವನ್ನ ಮಲಕೊಂಡಲ್ಲೇ ನೆನಸಬಹುದು. ಗುಡ್ಡ್ಯಾನ್ನ ಬೈಯಾಕ ಎದ್ದ ಹೋಗಬೇಕು."

ಪ್ರಶ್ನೆ ರಾಜಪ್ಪಂದ ಇತ್ತು, ಉತ್ತರ ಬ್ಯಾಡಂದ್ರ ಹೆಂಗ? ಕಡೀಕ, "ನಿಮ್ಮ ಮಗಳಿಗಿ ಏನಂತ ಹೇಳ್ಲಿ?" ಅಂದ.

"ಹುಕ್ಕೇರಿಗೂ ಬಸ್ಸು ಅದಾವಂತ ಹೇಳ್ರಿ."

ಹೊರಗ ಬಂದಾಗ ಗುಡ್ಡಪ್ಪ ಕಟ್ಟಿ ಮ್ಯಾಲಿಂದ ಎದ್ದು, ಎತ್ತಾಗೋ ನೋಡಕೋತ, "ಎಲ್ಲಿ ಬಂತು ನಿಮಗ?" ಅಂದ. ಹಾಳಾದ ಮರ್ಯಾದಿ ಈಗ ಅವನ ಬಾಯಿಗೂ ಅಂಟಿತ್ತು.

"ನಿನ್ನ ಬಾಜೂಕ, ಲೇ ಗುಡ್ಡ್ಯಾ."

ಗುಡ್ಡಪ್ಪ ತಲಿಗಿ ಸುತ್ತಿದ ಪಟಗಾದ ಸೆರಗಿನಿಂದ ಮಾರಿ ಒರಸಿಕೊಂಡ, ಬಿಸಲಿಲ್ಲದಿದ್ರೂ. "ಇಲ್ಲೂ ಬೆನ್ನ ಹತ್ತಿದಿ," ಅಂದ. "ಬದು ಮಾತ್ರ ನಾ ಹಾಕಾಂವ."

"ಹಾಕು, ನೋಡ್ತೀನಿ."

ಮನಿಗಿ ಬಂದು ಹೇಳಿದಾಗ ಕಾಶೆವ್ವ ಸೊಂಟದ ಮ್ಯಾಲ ಕೈ ಇಟ್ಟುಕೊಂಡು, ನೀರಿನ ಹೊಲ ಬಿಟ್ಟು ಬಂದ ಶಾಣ್ಯಾಗ ಎರಡು ಮಾತು ಅಂದ್ಲು. ಅನ್ನಾಕ ಬೇಕಲ್ಲ. ಮರುದಿನ ಬೆಳಕು ಹರಿಯೂಕಿಂತ ಮೊದಲ ಯಲ್ಲಪ್ಪ ಎದ್ದು, ಹೊಸ ನೆಲ ನೋಡಿ ಬರಾಕ ಪಟಗಾ ಸುತ್ತಾಕತ್ತಿದ್ದ. ಕಾಶೆವ್ವ ಪರಾತದಾಗ ಹಿಟ್ಟು ಹಾಕಿಕೊಂಡು, ತಲಿ ಎತ್ತದನ ಕೇಳಿದ್ಲು:

"ಅಲ್ಲಿ ನಾಯಿ ಐತೇನ್ರಿ?"

"ಐತಿ" ಅಂದ ಯಲ್ಲಪ್ಪ.

ಕಾಶೆವ್ವ ಇನ್ನೆರಡು ರೊಟ್ಟಿಯಷ್ಟು ಹಿಟ್ಟು ಪರಾತಕ್ಕ ಸುರಕೊಂಡ್ಲು.