ಡಿಕ್ಲೇರ್ ಮೇಲಿರಬೇಕು

“ಸ್ನಾನ ಮಾಡಿ ಬಂದು ಓಡಿಸಿ ನೋಡ್ತೀನಮ್ಮಾ” ಎಂದು ಪ್ರಣಮ್ಯಾ ಎದ್ದು ಹೋದದ್ದೇ ತಡ, ಜಲಜಾಕ್ಷಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗಳ ಲ್ಯಾಪ್‌ಟಾಪಿನ ಮುಂದೆ ಕೂತರು.

ಅಂಬತ್ತೂರಿನ ಅವಳ ಆಫೀಸಿನಿಂದ ಮೇಲಧಿಕಾರಿ ಮೋಹನ್ ಕಳಿಸಿದ್ದ ಪುಟ್ಟ ಕೆಲಸ ಅದು. ಪಿಂಚಣಿದಾರರ ಹೆಸರುಗಳನ್ನು ಡೇಟಾಬೇಸಿನಿಂದ ಒಂದೊಂದಾಗಿ ತೆಗೆದು ತೋರಿಸುವ ಸಿ ಪ್ರೋಗ್ರಾಂ. ಅದನ್ನು ತಾನೇ ಬರೆದು ಮುಗಿಸಿದರೆ ಪ್ರಣಮ್ಯಾ ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದಿದ್ದರು. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗಿಯ ಕುರ್ಚಿಯನ್ನು ಅವರು ಇಷ್ಟು ದಿನ ಖಾಲಿ ಇಟ್ಟಿದ್ದೇ ದೊಡ್ಡದು.

ತಪ್ಪು ಕಣ್ಣಿಗೆ ರಾಚುವಂತಿತ್ತು. ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಡುವ ಕರ್ಸರಿಗೆ ಯಾವ ಹೆಸರುಗಳು ಬೇಕೆಂದು ಹೇಳುವ ಡಿಕ್ಲೇರ್, ಫೈಲಿನ ಕೊನೆಯಲ್ಲಿದ್ದ ಮೇನ್ ಫಂಕ್ಷನ್ನಿನ ಒಳಗಿತ್ತು. ಅದನ್ನು ತೆರೆಯುವ ಓಪನ್ ಮೇಲಿನ ಫಂಕ್ಷನ್ನಿನಲ್ಲಿತ್ತು. ಪ್ರೋಗ್ರಾಂ ಓಡುವಾಗ ಮೇನ್ ಮೊದಲು, ನಿಜ. ಆದರೆ ಡೇಟಾಬೇಸಿನ ಜೊತೆ ಮಾತಾಡುವ ಎಸ್‌ಕ್ಯೂಎಲ್ ಸಾಲುಗಳನ್ನು ಸಿ ಭಾಷೆಗೆ ತಿರುಗಿಸುವ ಪ್ರೀಕಂಪೈಲರ್ ಫೈಲನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಅಷ್ಟೇ. ಓಪನ್ ಕಾಣುವ ಮೊದಲೇ ಅದಕ್ಕೆ ಡಿಕ್ಲೇರ್ ಕಂಡಿರಬೇಕು. ಹೊಸಬರಿಗೆಲ್ಲ ಇದನ್ನು ಹೇಳಿಕೊಡುತ್ತಿದ್ದವಳೇ ಪ್ರಣಮ್ಯಾ. ಅವಳಿಗೆ ಹೇಳಿಕೊಟ್ಟವರು, ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಜಲಜಾಕ್ಷಿ. ಈ ವಾರ ಮತ್ತೆ ಮತ್ತೆ ಹೇಳಿಕೊಟ್ಟಿದ್ದರು.

ಡಿಕ್ಲೇರಿನ ಸಾಲುಗಳನ್ನು ಎತ್ತಿ ಓಪನ್‌ಗಿಂತ ಮೇಲಿಟ್ಟು, ಸಾರು ಉಕ್ಕುವ ಮುನ್ನ ಅಡುಗೆಮನೆ ಸೇರಿದರು.

“ಅಮ್ಮಾ, ಇಂಗ ಪಾರು, ಇಲ್ನೋಡು! ಹೆಸರೆಲ್ಲ ಬರ್ತಿದೆ!” ತಲೆಗೆ ಟವೆಲ್ ಸುತ್ತಿಕೊಂಡೇ ಮಗಳು ಕೂಗಿದಳು. “ರಿಟೈರ್ಡ್ ಮೇಡಂ, ಬಂದು ಸೆಲ್ಯೂಟ್ ಹೊಡೀರಿ!”

“ಬಂದೆ ಕಣೇ ಮಹಾರಾಯ್ತಿ, ಸೌಟು ಹಿಡ್ಕೊಂಡೇ ಹೊಡೀತೀನಿ.”

ಅವರು ಬರುವಷ್ಟರಲ್ಲಿ ನಗು ಆರಿತ್ತು. ಪ್ರಣಮ್ಯಾ ಫೈಲನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು.

“ಡಿಕ್ಲೇರ್ ನಾನು ಮೇನ್‌ನಲ್ಲಿ ಹಾಕಿದ್ದೆ ಅಲ್ವಾಮ್ಮಾ? ನೀನು ಮುಟ್ಟಿದ್ಯಾ?”

“ಅದೊಂದೇ, ಪುಟ್ಟಾ. ಉಳಿದಿದ್ದೆಲ್ಲ ನಿಂದೇ.”

“ಆಫೀಸಲ್ಲಿ ನಾನು ಬಾತ್‌ರೂಮಿಗೆ ಹೋದಾಗ್ಲೂ ಬಂದು ಕೂತ್ಕೋತೀಯಾ?”

ಅಣಕವೇ, ಆದರೆ ದನಿ ಒಡೆದಿತ್ತು. ಆ ಸಾಲುಗಳನ್ನು ಅಳಿಸಿ, “ಇನ್ನೊಂದ್ಸಲ ಹೇಳು” ಎಂದಳು.

ಜಲಜಾಕ್ಷಿ ನಿಧಾನವಾಗಿ ಹೇಳಿದರು. ಅವಳು ತಲೆಯಾಡಿಸಿದಳು, ತುಟಿಯಲ್ಲೇ ಹೇಳಿಕೊಂಡಳು, ಮತ್ತೆ ಬರೆಯತೊಡಗಿದಳು. ಮೇನ್ ಒಳಗೆ.

ತಾಯಿಯ ಕೈ ಮುಂದಕ್ಕೆ ಹೋಗಿ, ಅಲ್ಲೇ ನಿಂತಿತು. ಪರದೆಯ ಮೇಲೆ ತಪ್ಪಿನ ಸಂದೇಶ ಮೂಡಿತು. ಪ್ರಣಮ್ಯಾ ಅದನ್ನು ಪೂರ್ತಿ ಓದಿ, ಫೋನ್ ಎತ್ತಿಕೊಂಡು, ತನಗೆ ಇನ್ನೂ ಆಗುತ್ತಿಲ್ಲವೆಂದೂ ಆ ಸೀಟಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕೆಂದೂ ಮೋಹನ್‌ಗೆ ತಮಿಳಿನಲ್ಲಿ ಹೇಳಿದಳು.

ಅತ್ತಲಿಂದ ಅವರು ಏನೋ ಸಮಾಧಾನ ಹೇಳುತ್ತಿದ್ದರು. “ಸರಿ ಸಾರ್, ಸರಿ ಸಾರ್” ಎನ್ನುತ್ತಲೇ ಅವಳು ತಾಯಿಯ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.